ಏಳನೇ ಪ್ರಶ್ನೆ

ಆ ಹೆಂಗಸು ಹಾಳೆಗಳ ಮೇಲಿಟ್ಟ ಕೈ ತೆಗೆಯಲಿಲ್ಲ.

“ಅಮ್ಮಾ, ಕೈ ತೆಗೀರಿ. ಹೊಸ ಮುದ್ರಣದ ಕೊನೇ ಪ್ರೂಫು ಇದು. ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗ್ಬೇಕು,” ಎಂದರು ಸಂಪಾದಕರು, ಮೂರನೆಯ ಸಲ. ಪ್ರೆಸ್ಸಿನವನು ಆಗಲೇ ಬಂದು ಬಾಗಿಲಿಗೆ ಒರಗಿ ನಿಂತಿದ್ದ.

“ತಿದ್ದಿ ಕೊಡಿ. ತೆಗೀತೀನಿ.”

ಸಂಪಾದಕರಿಗೆ ಸಿಟ್ಟು ನೆತ್ತಿಗೇರಿತು. ಪಠ್ಯಪುಸ್ತಕ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವರು ಅವರು. ಮೇಲಿನವರು ತಿದ್ದಿ ಎಂದರೆ ಎದ್ದು ನಿಂತು ತಿದ್ದಿದ್ದುಂಟು. ಶಾಲೆಯ ಸಮವಸ್ತ್ರ ಹೊಲಿಯುವ ಟೈಲರಮ್ಮ ಬಂದು ಹೇಳುವುದೆಂದರೇನು? ಅದೂ ಯಾವ ಪಾಠ, ಹತ್ತನೇ ತರಗತಿಯ ‘ನಗುವ ತಾಯಿ’. ಸ್ವತಃ ಅವರೇ ಬರೆದದ್ದು. ಸಭೆ ಸಭೆಯಲ್ಲಿ ಅದನ್ನು ಓದಿ ಜನರನ್ನು ಅಳಿಸಿದ್ದರು, ಜೊತೆಗೆ ತಾವೂ ಒಂದಿಷ್ಟು ಅತ್ತಿದ್ದರು.

ತೊಂದರೆ ಏನೆಂದರೆ, ನಗುವ ತಾಯಿಯೇ ಈಗ ಎದುರಿಗೆ ಕೂತಿದ್ದಳು. ನಗುವ ಲಕ್ಷಣ ಮಾತ್ರ ಕಾಣಲಿಲ್ಲ.

ಆರು ವರ್ಷದ ಹಿಂದಿನ ಯುದ್ಧದಲ್ಲಿ ಸೇತುವೆಯೊಂದನ್ನು ಕಾಯುತ್ತ ಆಕೆಯ ಮಗ ಸತ್ತಿದ್ದ. ಮಗನ ಶವಪೆಟ್ಟಿಗೆಯ ಪಕ್ಕದಲ್ಲಿ ಒಣ ಕಣ್ಣಿನಿಂದ ನಿಂತ ತಾಯಿಯ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಸಂಪಾದಕರು ಆ ಚಿತ್ರ ನೋಡಿಯೇ ಪಾಠ ಬರೆದರು. ಆಕೆಯ ಮನೆಗೆ ಹೋಗಿರಲಿಲ್ಲ, ಒಂದು ಮಾತು ಕೇಳಿರಲಿಲ್ಲ. ಯುದ್ಧಕ್ಕೆ ಅವರು ಅತಿ ಹತ್ತಿರ ಹೋದದ್ದೆಂದರೆ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ತುಕ್ಕು ಹಿಡಿದ ತೋಪಿನವರೆಗೆ.

“ಒಂದು ಹನಿ ಕಣ್ಣೀರು ಹಾಕ್ಲಿಲ್ಲ, ನಕ್ಕಳು ಅಂತ ಬರ್ದಿದೀರಿ,” ಎಂದಳು ಆಕೆ.

“ಫೋಟೋದಲ್ಲಿ ಹಾಗೇ ಕಂಡಿತಲ್ಲಮ್ಮ.”

“ಡಾಕ್ಟ್ರು ಎರಡು ಇಂಜೆಕ್ಷನ್ ಚುಚ್ಚಿದ್ರು. ಎಲ್ಲಿ ನಿಂತಿದೀನಿ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಹಾಳಾಗಿ ಹೋಗ್ಲಿ, ಅದು ಇರ್ಲಿ ಬಿಡಿ. ‘ಇದ್ದೊಬ್ಬ ಮಗನನ್ನು ಕೊಟ್ಟೆ, ಇನ್ನೊಬ್ಬನಿದ್ದಿದ್ದರೆ ಅವನನ್ನೂ ನಗುತ್ತಲೇ ಕೊಡುತ್ತಿದ್ದೆ’ ಅಂದಳು ಅಂತಾನೂ ಬರ್ದಿದೀರಿ. ಯಾವತ್ತು ಅಂದೆ ನಾನು?”

“ಬಾಯಲ್ಲಿ ಅನ್ನದೇ ಇರಬಹುದು. ಅದು ನಿಮ್ಮ ಮನಸ್ಸಿನ ಮಾತು.”

“ನನ್ನ ಮನಸ್ಸನ್ನ ನಿಮಗೆ ತೋರಿಸಿದ್ದು ಯಾರು?”

ಪ್ರೆಸ್ಸಿನವನು ಕೆಮ್ಮಿದ. ಸಂಪಾದಕರು ಅವನ ಕಡೆ ಕೆಂಗಣ್ಣು ಬಿಟ್ಟರು.

“ನಾನು ಹೆತ್ತದ್ದು ಒಬ್ಬನನ್ನಲ್ಲ ಸಾರ್, ಇಬ್ಬರನ್ನ.”

ಇದು ಸಂಪಾದಕರಿಗೆ ಗೊತ್ತಿರಲಿಲ್ಲ. ಅವರಿಗೆ ಮೊದಲು ಕಾಣಿಸಿದ್ದು ಪಾಠಕ್ಕಾಗುವ ನಷ್ಟ. ಒಬ್ಬನೇ ಮಗ ಎಂದರೆ ಓದುವವರ ಎದೆ ಝಲ್ಲೆನ್ನುತ್ತದೆ. ಇಬ್ಬರಲ್ಲಿ ಒಬ್ಬ ಎಂದರೆ ಯಾರು ಅಳುತ್ತಾರೆ?

“ಚಿಕ್ಕವನಿಗೆ ಇದೇ ಪಾಠ ಬಂತು,” ಆಕೆ ಮುಂದುವರಿಸಿದಳು. ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದಳು. “ಅಣ್ಣನ ಪಾಠ ಅಂತ ಮೊದಮೊದಲು ಕುಣಿದಾಡಿದ. ಆಮೇಲೆ ಕ್ಲಾಸಲ್ಲಿ ಎದ್ದು ನಿಂತು, ‘ಸಾರ್, ನಾನೂ ಇದೀನಿ’ ಅಂದನಂತೆ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರಂತೆ. ‘ಇರಬಹುದಪ್ಪ, ಪರೀಕ್ಷೇಲಿ ಮಾತ್ರ ಒಬ್ಬನೇ ಮಗ ಅಂತ ಬರಿ, ಇಲ್ಲಾಂದ್ರೆ ಮಾರ್ಕ್ಸ್ ಹೋಗುತ್ತೆ’ ಅಂದ್ರಂತೆ ಮೇಷ್ಟ್ರು. ಹಾಗೇ ಬರ್ದು ಬಂದ. ‘ಅಮ್ಮ, ನೀನು ನಿಜವಾಗ್ಲೂ ಹಾಗಂದಿದ್ಯಾ’ ಅಂತ ಕೇಳ್ದ. ಇಲ್ಲ ಕಣೋ ಅಂದೆ. ‘ಪುಸ್ತಕದಲ್ಲಿ ಇದೆಯಲ್ಲ’ ಅಂದ.”

ಸಂಪಾದಕರಿಗೆ ಹಗುರವೆನಿಸಿತು. ಇಷ್ಟೇ ತಾನೆ? ಹುಡುಗನಿಗೆ ಅವಮಾನವಾಗಿದೆ, ತಾಯಿಗೆ ಕರುಳು ಚುರುಕ್ಕೆಂದಿದೆ. ಒಂದು ಸಾಲು ತಿದ್ದಿದರೆ ಮುಗಿಯಿತು.

“ಚಿಕ್ಕವನನ್ನೇ ಕರ್ಕೊಂಡು ಬರಬಹುದಿತ್ತಲ್ಲಮ್ಮ.”

“ಅವನು ಬರೋ ಹಾಗಿಲ್ಲ.”

ಸಂಕೋಚದ ಸ್ವಭಾವ ಇರಬೇಕು ಎಂದುಕೊಂಡರು ಸಂಪಾದಕರು.

“ಏಳನೇ ಪ್ರಶ್ನೇನೂ ತೆಗೆದುಹಾಕಿ.”

ಪಾಠದ ಕೊನೆಯಲ್ಲಿದ್ದ ಅಭ್ಯಾಸವನ್ನು ಅವರು ನೋಡಬೇಕಾಗಿಯೇ ಇರಲಿಲ್ಲ, ಬಾಯಿಪಾಠವಾಗಿತ್ತು. ‘ಈ ತಾಯಿಗೆ ಇನ್ನೊಬ್ಬ ಮಗನಿದ್ದಿದ್ದರೆ ಆತ ಏನು ಮಾಡುತ್ತಿದ್ದ? ಐದು ವಾಕ್ಯಗಳಲ್ಲಿ ಬರೆಯಿರಿ.’

“ಅದೊಂದು ಮಾತ್ರ ಕೇಳಬೇಡಿ. ಇಡೀ ಪುಸ್ತಕದಲ್ಲಿ ಮಕ್ಕಳು ಸ್ವಂತ ತಲೆ ಓಡಿಸೋ ಪ್ರಶ್ನೆ ಅಂದ್ರೆ ಅದೊಂದೇ.”

“ಎಷ್ಟು ಮಕ್ಕಳು ಓದ್ತಾರೆ ಇದನ್ನ?”

“ವರ್ಷಕ್ಕೆ ನಾಲ್ಕು ಲಕ್ಷ,” ಎಂದರು. ಹೇಳುವಾಗ ಎದೆ ಕೊಂಚ ಉಬ್ಬಿತು.

“ಅದ್ರಲ್ಲಿ ತಮ್ಮಂದಿರು ಎಷ್ಟು ಜನ?”

ಇದೆಂಥ ತಲೆಹರಟೆ ಪ್ರಶ್ನೆ ಎಂದುಕೊಂಡು ಸಂಪಾದಕರು ಗಡಿಯಾರ ನೋಡಿದರು. ಗಂಟೆ ನಾಲ್ಕಾಗುತ್ತ ಬಂದಿತ್ತು. ಪೆನ್ನಿನ ಮುಚ್ಚಳ ತೆಗೆದರು. ಆಕೆ ಆಗಷ್ಟೇ ಕೈ ಸರಿಸಿದಳು. ‘ಒಬ್ಬನೇ ಮಗ’ ಎಂಬುದನ್ನು ಹೊಡೆದು ‘ಇಬ್ಬರು ಮಕ್ಕಳಲ್ಲಿ ಹಿರಿಯವನು’ ಎಂದು ಬರೆದರು. ತಾಯಿಯ ಬಾಯಿಗೆ ತುರುಕಿದ್ದ ಮಾತಿಗೂ ಅಡ್ಡಗೆರೆ ಎಳೆದರು. ಏಳನೇ ಪ್ರಶ್ನೆಗೆ ಬಂದಾಗ ಥಟ್ಟನೆ ಒಂದು ಉಪಾಯ ಹೊಳೆಯಿತು. ತೆಗೆಯುವುದೇಕೆ? ಬದಲಿಸಿದರಾಯಿತು. ಮೊದಲಿಗಿಂತ ಚೆನ್ನಾಗಿಯೇ ಆಗುತ್ತದೆ.

ಬರೆದದ್ದನ್ನು ದನಿಯೇರಿಸಿ ಓದಿದರು: “‘ಈ ತಾಯಿಯ ಕಿರಿಯ ಮಗ ಮುಂದೆ ಏನು ಮಾಡಬಹುದು? ಐದು ವಾಕ್ಯಗಳಲ್ಲಿ ಬರೆಯಿರಿ.’ ಆಯ್ತಲ್ಲಮ್ಮ? ನಿಮ್ಮ ಚಿಕ್ಕ ಮಗ ಇಲ್ಲ ಅಂತ ಇನ್ಮೇಲೆ ಯಾರೂ ಅನ್ನೋ ಹಾಗಿಲ್ಲ. ಮನೆಗೆ ಹೋಗಿ ಹೇಳಿ, ಖುಷಿ ಪಡ್ತಾನೆ.”

ಆಕೆ ಹಾಳೆಯನ್ನು ಅವರ ಕಡೆಗೇ ತಳ್ಳಿದಳು.

“ಉತ್ತರಾನೂ ಬರ್ಕೊಳ್ಳಿ ಸಾರ್, ಐದು ವಾಕ್ಯ ಬೇಕಾಗಲ್ಲ: ನಾನು ಹಾಗಂದಿದ್ದು ನಿಜ ಅಂತ ನಂಬಿ, ಹದಿನೆಂಟು ತುಂಬಿದ ದಿನವೇ ಹೋಗಿ ಸೈನ್ಯಕ್ಕೆ ಸೇರ್ದ, ಹೋದ ಸೋಮವಾರ ಅವನನ್ನೂ ಪೆಟ್ಟಿಗೇಲಿ ತಂದು ಬಾಗಿಲಿಗೆ ಇಳಿಸಿ ಹೋದ್ರು.”