ಹಿಡಿ ಜೋಳ

ಸಾಂಬ್ರಾಣಿಯ ವಾಸನೆ ಎಲ್ಲಿ ಬಂದರೂ ನನಗೆ ನಮ್ಮೂರು ಮಕ್ತಲ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮವರೆಲ್ಲ ದುಡಿಯಲೆಂದು ಪುಣೆ, ಮುಂಬಯಿ ಸೇರಿದ ಮೇಲೆ ಬಾಗಿಲು ಮುಚ್ಚಿದ್ದ ನಮ್ಮ ಮೆಥೋಡಿಸ್ಟ್ ಚರ್ಚನ್ನು ಕ್ಯಾಥೋಲಿಕರು ತೆಗೆದುಕೊಂಡು ಸುಣ್ಣ ಬಳಿಸಿದ್ದರು. ಅಜ್ಜಿ ಮಾತ್ರ ಅಡುಗೆಗೆ ಮುಂಚೆ ಚರ್ಚಿಗೆಂದು ಹಿಡಿ ಜೋಳ ಗಡಿಗೆಯಲ್ಲಿ ಎತ್ತಿಡುವುದನ್ನು ಬಿಟ್ಟಿರಲಿಲ್ಲ. ಗಡಿಗೆ ತುಂಬಿದ ದಿನ ಜೋಳವನ್ನು ಗಂಟು ಕಟ್ಟಿ, ನನ್ನನ್ನೂ ಕರೆದುಕೊಂಡು ಹೊರಟಳು.

ಒಳಗೆಲ್ಲ ಸಾಂಬ್ರಾಣಿ ಹೊಗೆ. ಮೊದಲು ಕಾಣಿಕೆಯ ಮೇಜಿದ್ದಲ್ಲಿ ನೀಲಿ ಸೆರಗಿನ ಮರಿಯಮ್ಮನ ವಿಗ್ರಹ. ನಮ್ಮ ಕಾಲದಲ್ಲಿ ಅಲ್ಲಿ ವಿಗ್ರಹವೇ ಇರಲಿಲ್ಲ. ಅಜ್ಜಿ ಗಂಟು ಹಿಡಿದು ನಿಂತೇ ಇದ್ದಳು.

"ಜೋಳ ಎಲ್ಲಿ ಇಡ್ಲಿರಿ?"

"ತಾಯಿ ಕಾಲ ಹತ್ರ ಇಡ್ರಿ ಅಮ್ಮ," ಎಂದರು ಹೊಸ ಫಾದರ್.

ಅಜ್ಜಿ ಗಂಟು ಬಿಚ್ಚಿದಳು. ಜೋಳ ನುಣ್ಣನೆಯ ಕಲ್ಲಿನ ಮೇಲೆ ಸರಸರನೆ ಸುರಿಯಿತು. ವಿಗ್ರಹದ ಮುಖ ನೋಡುತ್ತ, "ಊರಿಗಿ ಹೊಸದಾಗಿ ಬಂದಾಕಿ, ಉಣ್ಣಲಿ," ಎಂದಳು.

ಹೊರಗೆ ಬಂದು ಚಪ್ಪಲಿಗೆ ಕಾಲು ಚಾಚಿದವಳು ತಡೆದು ನಿಂತಳು.

"ಒಳಗ ಕಿಟಕಿ ಕೆಳಗ, ನಾ ಕುಂದ್ರೋ ಜಾಗದಾಗ ಯಾರರ ಕುಂತಾರೇನು ನೋಡಿ ಬಾ."

ಓಡಿಹೋಗಿ ನೋಡಿ ಬಂದೆ. "ಯಾರೂ ಇಲ್ಲಜ್ಜಿ."

ಅಜ್ಜಿ ಚಪ್ಪಲಿಗಳನ್ನು ಕಾಲಿನಿಂದಲೇ ಮೆಲ್ಲಗೆ ಗೋಡೆಯ ಬದಿಗೆ ಸರಿಸಿದಳು.