ಅರಿಶಿನ ಹಚ್ಚಿದ ಕಲ್ಲು

ವೆಲ್ಲಿಂಗಿರಿ ಮತ್ತೆ ಬೆಟ್ಟ ಹತ್ತಿಬಿಟ್ಟ. ಡಬ್ಬಿ ಮಾನಿಟರಿನೊಳಗೆ ಅವನ ಸೈನಿಕ ಬಂಡೆಯ ಬಿರುಕೊಂದಕ್ಕೆ ಕಾಲು ಕೊಟ್ಟು, ಪಕ್ಕದ ಅಂಚಿಗೆ ಜಿಗಿದು, ಇನ್ನೊಂದು ಜಿಗಿತಕ್ಕೆ ನೆತ್ತಿ ತಲುಪಿದ. ಬೆಟ್ಟದಾಚೆಗೆ ಆ ವಿಡಿಯೋ ಗೇಮಿನ ಲೋಕವೇ ಮುಗಿಯುತ್ತಿತ್ತು. ಸೈನಿಕ ಬಂದೂಕು ಸಮೇತ ನೀಲಿ ಶೂನ್ಯದೊಳಗೆ ಬೀಳುತ್ತಾ ಹೋದ. ವೆಲ್ಲಿಂಗಿರಿ ತೊಡೆ ತಟ್ಟಿಕೊಂಡು ನಕ್ಕ. ದಿನವಿಡೀ ಆಟವಾಡಿ ತಪ್ಪು ಹಿಡಿಯುವುದೇ ಅವನ ನೌಕರಿ. ಅದರಲ್ಲೂ ಆಟದೊಳಗಿನ ಬೆಟ್ಟ ಮಾಡುವ ಸೂರಜನ ತಪ್ಪು ಹಿಡಿಯುವುದೆಂದರೆ ಅವನಿಗೆ ಹಬ್ಬ.

ಸೂರಜನ ಕಷ್ಟ ಯಾರಿಗೂ ಬೇಡ. ಬೆಟ್ಟ ನಿಜವಾದ ಬೆಟ್ಟದ ಹಾಗೆ ಕಾಣಬೇಕು, ಆದರೆ ಅದನ್ನು ಯಾರೂ ಹತ್ತಬಾರದು. ಬಿರುಕು, ಉಬ್ಬು, ಅಂಚು ಇಟ್ಟರೆ ವೆಲ್ಲಿಂಗಿರಿ ಮಂಗನ ಹಾಗೆ ಏರಿಬಿಡುತ್ತಿದ್ದ. ಎಲ್ಲವನ್ನೂ ತಿಕ್ಕಿ ನುಣ್ಣಗೆ ಮಾಡಿದರೆ ಮಾಲೀಕರಾದ ವ್ಯಾಸರಾಯರು ಬೆನ್ನ ಹಿಂದೆ ಬಂದು ನಿಂತು, "ಇದು ಬೆಟ್ಟವಾ ಪಾ? ಕಾಂಪೌಂಡ್ ಸುವರ್ ಮಾದಿರಿ ಇದೆ" ಎನ್ನುತ್ತಿದ್ದರು. ಅವರ ಮನೆತನ ಕೊಯಮತ್ತೂರಿಗೆ ಬಂದು ತಲೆಮಾರುಗಳೇ ಕಳೆದಿದ್ದವು. ಅವರ ಬಾಯಲ್ಲಿ ಯಾವ ಪದ ಯಾವ ಭಾಷೆಯದು ಎಂದು ಅವರಿಗೇ ಗೊತ್ತಿರಲಿಲ್ಲ. ಆಟ ಮಾಡಿಸುತ್ತಿದ್ದವರು ನಾರ್ವೆಯವರು. ಶನಿವಾರದೊಳಗೆ ಬೆಟ್ಟ ಪಾಸಾಗದಿದ್ದರೆ ಸೂರಜನ ಪ್ರೊಬೇಷನ್ ಅಲ್ಲಿಗೇ ಮುಗಿದು, ಅವನು ಚಿತ್ರದುರ್ಗಕ್ಕೆ ವಾಪಸು ಹೋಗಿ ಹಾಲಪ್ಪ ಮಾವನ ಜಲ್ಲಿ ಕ್ರಷರಿನಲ್ಲಿ ನಿಜವಾದ ಬೆಟ್ಟಗಳನ್ನು ಪುಡಿ ಮಾಡಿಸಬೇಕಿತ್ತು.

ಬುಧವಾರ ಸಂಜೆ ವೆಲ್ಲಿಂಗಿರಿಯ ಬೈಕಿನ ಹಿಂದೆ ಕುಳಿತು ಉಕ್ಕಡಂ ಬಸ್ ಸ್ಟ್ಯಾಂಡ್ ತನಕ ಹೋಗುವಾಗ ಸೂರಜನಿಗೆ ಉಪಾಯ ಹೊಳೆಯಿತು. ರಸ್ತೆಬದಿಯಲ್ಲಿ ಯಾವ ಸಾಮಿ ಕಂಡರೂ, ಅದು ಗುಡಿಯಿರಲಿ, ಬೇವಿನ ಬುಡದ ಬರೀ ಕಲ್ಲಿರಲಿ, ವೆಲ್ಲಿಂಗಿರಿ ಹ್ಯಾಂಡಲ್ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಿದ್ದ. ದಿನಾ ಪ್ರಾಣ ಕೈಯಲ್ಲಿ ಹಿಡಿದು ಕೂರುತ್ತಿದ್ದ ಸೂರಜ್ ಆ ಸಂಜೆ ಮಾತ್ರ ಹಲ್ಲು ಕಿರಿಯುತ್ತಾ ಕುಳಿತಿದ್ದ.

ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು, ತನ್ನ ಬೆಟ್ಟಗಳಲ್ಲೆಲ್ಲ ಚಂದದ್ದನ್ನು, ಬಿರುಕು ಅಂಚುಗಳ ಸಮೇತ, ಆಟದ ನಕ್ಷೆಯಲ್ಲಿ ನಿಲ್ಲಿಸಿದ. ಅದರ ಬುಡದಲ್ಲಿ ಒಂದು ಗುಂಡುಕಲ್ಲು ಇಟ್ಟ. ಕಲ್ಲಿಗೆ ಅರಿಶಿನದ ಬಣ್ಣ ಬಳಿದು, ನಡುವೆ ಕುಂಕುಮದ ಬೊಟ್ಟಿಟ್ಟು, ಪಕ್ಕದಲ್ಲಿ ಪುಟ್ಟ ತ್ರಿಶೂಲ ನೆಟ್ಟ. ಹತ್ತುವ ಒಂದೇ ದಾರಿಗೆ ಅಡ್ಡವಾಗಿ ಕೂತಿದ್ದ ಆ ಕಲ್ಲನ್ನು ತುಳಿಯದೆ ಮೊದಲ ಬಿರುಕಿಗೆ ಕಾಲಿಡುವಂತಿರಲಿಲ್ಲ.

ವೆಲ್ಲಿಂಗಿರಿಯ ಸೈನಿಕ ಬೆಟ್ಟದತ್ತ ಓಡಿಬಂದವನು ಕಲ್ಲಿನ ಮುಂದೆ ಗಕ್ಕನೆ ನಿಂತ. ಎಡಕ್ಕೆ ಹೋದ, ಬಲಕ್ಕೆ ಹೋದ, ಕೊನೆಗೆ ಬಂದೂಕಿನ ತುದಿ ಕೆಳಗಿಳಿಸಿ ಹಿಂದೆ ಸರಿದ. ಈ ಬೆಟ್ಟ ಹತ್ತಲಾಗುವುದಿಲ್ಲ ಎಂದು ವೆಲ್ಲಿಂಗಿರಿ ಒಪ್ಪಿಕೊಂಡ. ಸೂರಜ್ ಅವತ್ತು ಟೀ ಜೊತೆಗೆ ಬಜ್ಜಿಯನ್ನೂ ತರಿಸಿಕೊಂಡ.

ವ್ಯಾಸರಾಯರಿಗೆ ಬೆಟ್ಟ ಬಹಳ ಹಿಡಿಸಿತು. ಆದರೆ ಇಷ್ಟು ಬಿರುಕಿರುವ ಬೆಟ್ಟವನ್ನು ವೆಲ್ಲಿಂಗಿರಿ ಹತ್ತದೆ ಬಿಟ್ಟನೆಂದರೆ ಅವರಿಗೆ ನಂಬಿಕೆ ಬರಲಿಲ್ಲ. ಅವನನ್ನು ಕರೆದು ಕಾರಣ ಕೇಳಿದರು.

"ಅಂಗೆ ಸಾಮಿ ಇರುಕ್ಕು ಸಾರ್," ಎಂದ ವೆಲ್ಲಿಂಗಿರಿ. "ಬೂಟ್ ಕಾಲೋಡ ಎಪ್ಪಡಿ ಮಿದಿಕ್ಕರದು?"

ಸಾಮಿಯನ್ನು ಬೂಟುಗಾಲಿನಲ್ಲಿ ತುಳಿಯುವುದು ಹೇಗೆ ಎಂಬ ಪ್ರಶ್ನೆಗೆ ವ್ಯಾಸರಾಯರೂ ತಲೆದೂಗಿದರು. ಆದರೆ ಆಟವಾಡುವ ನಾರ್ವೆಯ ಹುಡುಗರು ಅರಿಶಿನ ನೋಡಿ ನಿಲ್ಲುತ್ತಾರಾ ಎಂದು ಅವರು ಸೂರಜನನ್ನು ಕೇಳಿದರು. ಹಾಲಪ್ಪ ಮಾವನ ಕ್ರಷರಿನ ಧೂಳು ಆಗಲೇ ಅವನ ಮೂಗಿಗೆ ಬಡಿದಂತಾಯಿತು. ವ್ಯಾಸರಾಯರು ತಾವೇ ಕುರ್ಚಿ ಎಳೆದುಕೊಂಡು ಕುಳಿತು ಸೈನಿಕನನ್ನು ಓಡಿಸಿದರು. ಅವನು ಕಲ್ಲಿನ ತನಕ ಹೋಗಿ ನಿಂತ. ಅವರ ಬೆರಳು ಜಿಗಿಸುವ ಕೀಲಿಯ ಮೇಲೆ ಸ್ವಲ್ಪ ಹೊತ್ತು ಹೊಯ್ದಾಡಿ, ಆಮೇಲೆ ಕನ್ನಡಕ ಸರಿ ಮಾಡಿಕೊಳ್ಳಲು ಹೋಯಿತು.

"ಇವತ್ತು ಗುರುವಾರ ಬೇರೆ," ಎಂದರು. "ಇಟ್ಟವ ನೀನೇ ದಾನೇ ಪಾ? ನೀನೇ ತೆಗಿ. ಆಮೇಲೆ ಹತ್ತಿ ನೋಡುವಾ."

ಸೂರಜ್ ಕುಳಿತು ಕಲ್ಲಿನ ಮೇಲೆ ಒತ್ತಿದ. ಅದರ ಸುತ್ತ ಬಿಳಿ ಗೆರೆ ಮೂಡಿತು. ಅಳಿಸಲೇ ಬೇಡವೇ ಎಂದು ಕಂಪ್ಯೂಟರ್ ಕೇಳಿತು. ಬೆಳಿಗ್ಗೆಯಷ್ಟೇ ತಾನೇ ಬಣ್ಣ ಬಳಿದ ಕಲ್ಲು, ನೋಡಿದರೆ ಕಲ್ಲೂ ಅಲ್ಲ, ಬರೀ ಹಳದಿ ಚುಕ್ಕೆಗಳು. ಆದರೂ ಬೆರಳು ಕೆಳಗಿಳಿಯಲೊಲ್ಲದು. ಊರಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇರುವುದು ಅದೇ ಗಳಿಗೆಯಲ್ಲಿ ನೆನಪಿಗೆ ಬರಬೇಕೇ! ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಎರಡರಲ್ಲಿ ಭಯದ್ದೇ ಒಂದು ಕೈ ಮೇಲಾಯಿತು.

"ನೀವೇ ಒತ್ತಿಬಿಡಿ ಸಾರ್," ಎಂದು ಕುರ್ಚಿ ಬಿಟ್ಟೆದ್ದ.

ವ್ಯಾಸರಾಯರು ವೆಲ್ಲಿಂಗಿರಿಯನ್ನು ಹುಡುಕಿದರು. ಅವನು ಟೀ ಕುಡಿಯುವ ನೆಪದಲ್ಲಿ ಮೆಟ್ಟಿಲು ಇಳಿದಾಗಿತ್ತು. ಅವರು ಕಿಟಕಿಯ ಬಳಿ ಹೋಗಿ ದೂರದ ಉಕ್ಕಡಂ ಕೆರೆಯನ್ನು ನೋಡಿದರು. ತಿರುಗಿ ಬಂದು, ಸೈನಿಕನಿಗೆ ಈಜು ಬರುತ್ತದೆಯೇ ಎಂದು ಕೇಳಿದರು. ಅದನ್ನು ಅವನಿಗೆ ಯಾರೂ ಕಲಿಸಿಲ್ಲ ಎಂದ ಸೂರಜ್. ಹಾಗಾದರೆ ಬೆಟ್ಟದ ಜಾಗದಲ್ಲಿ ಒಂದು ಕೆರೆ ಬರಲಿ ಎಂದೂ, ನಾರ್ವೆಯವರನ್ನು ತಾವು ಒಪ್ಪಿಸುವುದಾಗಿಯೂ, ಕೆರೆ ಸರಿಯಾಗಿ ಬಂದರೆ ಅವನ ನೌಕರಿ ಖಾಯಂ ಎಂದೂ ಹೇಳಿದರು.

ನೌಕರಿ ಉಳಿಯಿತಲ್ಲ ಎಂದು ಸೂರಜನ ಜೀವ ಒಂದೆಡೆ ಹಗುರಾಯಿತು. ಆದರೆ ಇಂಥ ಬೆಟ್ಟ ತನ್ನ ಕೈಯಿಂದ ಇನ್ನೊಮ್ಮೆ ಆಗುವುದಿಲ್ಲ ಎನಿಸಿ ಕೊನೆಯ ಸಲ ಕೇಳಿ ನೋಡಿದ.

"ಬೆಟ್ಟ ಎಷ್ಟು ಚೆನ್ನಾಗಿ ಬಂದಿದೆ ನೋಡಿ ಸಾರ್. ಆ ಕಲ್ಲೊಂದು ಇಲ್ಲದಿದ್ದರೆ ಹತ್ತಿ ನೋಡಿ ತಿದ್ದಬಹುದಿತ್ತು..."

ವ್ಯಾಸರಾಯರು ಬಗ್ಗಿ, ಕಂಪ್ಯೂಟರ್ ಕೇಳುತ್ತಲೇ ಇದ್ದ ಪ್ರಶ್ನೆಗೆ ಬೇಡ ಎಂದು ಒತ್ತಿದರು.

"ಕಲ್ಲು ಅಲ್ಲೇ ಇರಲಿ ಪಾ. ಬೆಟ್ಟ ತೆಗಿ."