ಅತ್ತೆಯ ಮಡಿ

ವನಮಾಲಾ ನಾಯಿಮರಿ ತಂದ ದಿನವೇ ಅತ್ತೆ ಸಿಡುಕಿದ್ದರು: "ನಾಯಿಗೆ ಅಮ್ಮ ಆಗ್ತಾಳಂತೆ! ಅದರ ಒಂದು ಕೂದ್ಲು ನನ್ನ ಮಡಿಸೀರೆಗೆ ತಾಗ್ಲಿ, ಆಮೇಲೆ ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು."

ಅದಕ್ಕೇ ಪ್ರತಿ ಭಾನುವಾರ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗುಂಡನನ್ನು ತಿಕ್ಕಿ ತೊಳೆಯುತ್ತಿದ್ದಳು. ಇವತ್ತು ಅವನು ಶಾಂಪೂ ನೊರೆ ಮೆತ್ತಿದ ಮೈಯಲ್ಲೇ ಕೈಯಿಂದ ಜಾರಿ ಹಿತ್ತಲಿಗೆ ಓಟ ಕಿತ್ತ.

ಹುಡುಕಿ ಸುಸ್ತಾಗಿ ಅವಳು ಹಿತ್ತಲ ಬಚ್ಚಲಿನ ಬಾಗಿಲು ತಟ್ಟಿದಳು. "ಅತ್ತೇ, ಗುಂಡ ಈ ಕಡೆ ಬಂದ್ನಾ?"

"ಮಡಿಸ್ನಾನ ಮಾಡ್ತಿದೀನಿ, ನಾಯಿ ಸುದ್ದಿ ಎತ್ತಬೇಡ!"

ನಾಲಿಗೆ ಕಚ್ಚಿಕೊಂಡು ತಿರುಗುವಷ್ಟರಲ್ಲಿ ಒಳಗಿನಿಂದ ಅತ್ತೆಯ ಪಿಸುದನಿ ಕೇಳಿಸಿತು:

"ಕಣ್ಣು ಮುಚ್ಕೊಳೋ ಬಂಗಾರಾ, ಸೀಗೆಪುಡಿ ಉರಿಯುತ್ತೆ. ನಿಮ್ಮಮ್ಮಂಗೆ ನೀರು ಹಾಕೋಕೇ ಬರಲ್ಲ, ಬಾ, ಅಜ್ಜಿ ಹಾಕ್ತೀನಿ."